ಹೆಬ್ಬಟ್ಟು ಹೊರಗ

ಗೋಕುಲ ರೋಡಿನ ಗ್ಯಾರೇಜ್ ಮುಚ್ಚಿ ಬಂದು
ದಾವಲಸಾಬ ಕುಂತಾನ ಟೀವಿ ಮುಂದ.
ಅಳಿಯನ ಹೊಸಾ ಸ್ಟೇರಿಂಗು, ಮೇಜಿಗೆ ಬಿಗಿದದ್ದು.
ಹಿಡದ್ರ ನಡಗತೈತಿ,
ಅಂಚಿಗೆ ಗಾಲಿ ತಾಗಿದ್ರ ಕಟಕಟ ಹಲ್ಲು ಕಡೀತೈತಿ.

"ಎಡಕ್ಕ ಎಳೀತೈತಿ. ಅಲೈನ್‌ಮೆಂಟ್ ಮಾಡಸು."
ಹುಡುಗ ನಕ್ಕ: "ರೋಡs ವಾರಿ ಐತಿ ಮಾಮಾ."

ಕೈಗೆ ಎಲ್ಲಾ ತಿಳೀತು,
ಕುಂಡಿಗೆ ಏನೂ ತಿಳೀಲಿಲ್ಲ.
ಕ್ಲಚ್ ಸುಟ್ಟ ವಾಸನಿ ಇಲ್ಲ,
ಪಕ್ಕದಾಗ ತೂಕಡಿಸೋ ಕ್ಲೀನರ್ ಇಲ್ಲ.

"ಹೆಬ್ಬಟ್ಟು ಯಾಕ ಹೊರಗ?"
ಅರಬೈಲ್ ಘಾಟಿನ್ಯಾಗ ಒಮ್ಮೆ
ಸ್ಟೇರಿಂಗು ಒದ್ದಿತ್ತು,
ಎಲುಬು ಇನ್ನೂ ಡೊಂಕ.
ಹೇಳಲಿಲ್ಲ.

ಗ್ವಾಡಿಗೆ ಬಡೀತು ಕಾರು.
ಒಳಗಿನ ಮೋಟರ್ ಗಪ್ಪನ ತಿರುವಿತು;
ಹಳೇ ಎಲುಬು ಝುಮ್ ಅಂತು.
ಟೀವಿಯೊಳಗ ಕಾರು ಆಗಲೇ ಹೊಸದು.

ಹುಡುಗನ ಪಾಳಿ.
ಬೆರಳು ನೀವಿಕೊಂತ ದಾವಲಸಾಬ ಕೇಳಿದ:
"ಇದರಾಗ ಲೋಡ್ ಹಾಕಾಕ ಬರತೈತೇನು?"