ಓಡದ ಬಣ್ಣ

ಹ್ಯಾಲಿಫ್ಯಾಕ್ಸಿನ ಏರುಬೀದಿಯಲ್ಲಿ
ಈನಿಡ್ ಗ್ರೀನ್‌ವುಡ್ಡಳ ಅಡುಗೆಮನೆಯ ಗಡಿಯಾರ
ಐದು ನಿಮಿಷ ಫಾಸ್ಟು.
ಇದು ನನಗೆ ಗೊತ್ತಿದ್ದ ಫಾಸ್ಟು:
ಬಸ್ಸಿನದು, ಬೌಲರಿನದು,
ಸಾಲಗಾರನ ನಾಲಿಗೆಯದು.

ಅವಳು ಗೂಡಿನಿಂದ ಡಬ್ಬಿ ಇಳಿಸಿದಳು.
ಬಿಸ್ಕತ್ತಿನ ಡಬ್ಬಿ, ಒಳಗೆ ಬಿಸ್ಕತ್ತಿಲ್ಲ,
ಬೆರಳುದ್ದದ ಉಣ್ಣೆಬಟ್ಟೆಯ ಚೂರುಗಳು.
ಒಂದೊಂದಕ್ಕೂ ಒಂದು ರಟ್ಟು, ರಟ್ಟಿನ ಮೇಲೆ
ಗಂಡ ಹೆಡ್ಲಿಯ ಪೆನ್ಸಿಲ್ ಅಕ್ಷರ:
ತೊಳೆತಕ್ಕೆ ಫಾಸ್ಟ್. ಬೆವರಿಗೆ ಫಾಸ್ಟ್.
ಬಿಸಿಲಿಗೆ ನಾಲ್ಕು. ಬಿಸಿಲಿಗೆ ಆರು.

ಬಣ್ಣದ ಮನೆಯಲ್ಲಿ ಮೂವತ್ತೊಂಬತ್ತು ವರ್ಷ.
ಚೂರನ್ನು ಅರ್ಧ ಮುಚ್ಚಿ, ಅರ್ಧ ತೆರೆದು,
ಗಾಜಿನಡಿ ಇಟ್ಟು ಸೂರಿನ ಮೇಲೆ ಒಡ್ಡುತ್ತಿದ್ದನಂತೆ.
ಎಂಟರ ತನಕ ನಂಬರು;
ಎಂಟೆಂದರೆ ಸೂರ್ಯನೇ ಸೋತು ಮನೆಗೆ ಹೋದ ಹಾಗೆ.
"ಅದೂ ಯಾರ್ಕ್‌ಷೈರಿನ ಸೂರ್ಯ" ಎಂದಳು,
"ಅವನಿಗೆ ಯಾವ ಬಣ್ಣ ಹೆದರೀತು!"

ನಾನು ಕೇಳಿದೆ: ಬಟ್ಟೆಯ ಬಣ್ಣಕ್ಕೆ ಎಲ್ಲಿಗೆ ಅವಸರ?
ಅವಳೆಂದಳು: ನೀರಲ್ಲಿ ಬಣ್ಣ ಬಿಟ್ಟರೆ
ಓಡಿತು ಅನ್ನುತ್ತೇವೆ.
ಓಡದೆ ನಿಂತರೆ ಫಾಸ್ಟ್.

ಅಲ್ಲಿಗೆ ನಾನು ಚಹಾ ಕೆಳಗಿಟ್ಟೆ.
ಓಡುವವನಿಗೂ ಅದೇ ಮಾತು,
ಕದಲದವನಿಗೂ ಅದೇ.
ಇಂಥದೊಂದನ್ನು ಬಾಯಲ್ಲಿಟ್ಟುಕೊಂಡು
ಈ ಜನ ಹೇಗೆ ಹಡಗು ನಡೆಸಿದರು!
ಅವಳು ನಗಲಿಲ್ಲ. ಹಡಗಿನಲ್ಲೂ ಇದೆಯಂತೆ ಅದು,
ಹಗ್ಗವನ್ನು ಗೂಟಕ್ಕೆ ಬಿಗಿದ ಮೇಲೆ
ಕೂಗಿ ಹೇಳುವ ಮಾತು.

ಎಪ್ಪತ್ತೊಂದರಲ್ಲಿ ಮಗಳು ಗ್ಲೆನಿಸ್
ತೊಡೆ ಕಾಣುವ ಲಂಗ ತೊಟ್ಟು
ಯಾರದೋ ಮೋಟಾರುಬೈಕಿನ ಹಿಂದೆ ಕೂತು
ಬ್ಲ್ಯಾಕ್‌ಪೂಲಿಗೆ ಹೋಗಿಬಂದಳು.
ಚಾಪೆಲ್ಲಿನ ಹೆಂಗಸರು ಅವಳನ್ನೂ ಫಾಸ್ಟ್ ಅಂದರು,
ತುಟಿ ಅಲುಗಿಸದೆ.
ಹೆಡ್ಲಿ ಪತ್ರಿಕೆ ಇಳಿಸಿ ಹೇಳಿದ್ದು ಇಷ್ಟೇ:
"ಇರಲಿ. ಬಣ್ಣ ಬಿಡುವವಳಲ್ಲ."

ನನ್ನೊಳಗಿನ ಕನ್ನಡ ತಡವರಿಸಿ
ಗಟ್ಟಿಗಿತ್ತಿ ಅಂದಿತು.
ಚಾಪೆಲ್ಲಿನವರ ಅರ್ಥ ಅದಲ್ಲ, ಗೊತ್ತು.
ಆದರೂ ಬರೆದುಕೊಂಡೆ.

ತೊಟ್ಟಿಯ ಆಚೆ ಬದಿಗೆ ಸದಾಕತ್, ಮೀರ್‌ಪುರದವನು.
ಎಂಬತ್ತನಾಲ್ಕರ ಜೂನು, ಮುಗಿಯದ ಹಗಲು,
ಕುದಿಯುವ ಬಣ್ಣದ ಹಬೆಯಲ್ಲಿ
ಒಂದು ಹನಿ ನೀರು ಮುಟ್ಟದೆ ಕೆಲಸ.
"ಐ ಆಮ್ ಫಾಸ್ಟ್" ಅಂದನಂತೆ, ಭಾಷೆ ಹೊಸತು.
"ಈ ಪಾಳಿಯಲ್ಲಿ ನಿನ್ನಷ್ಟು ನಿಧಾನದವನಿಲ್ಲ" ಎಂದ ಹೆಡ್ಲಿ
ಆಮೇಲೆ ತಿಳಿದು, ಏನೂ ಹೇಳದೆ,
ತಿಂಗಳಿಡೀ ತನ್ನ ಸ್ಯಾಂಡ್‌ವಿಚ್ಚನ್ನು
ಬಾಯ್ಲರಿನ ಹಿಂದೆ ನಿಂತು ತಿಂದ.

ಪಿಂಚಣಿಗೆ ನಾಲ್ಕು ವಾರ ಬಾಕಿ.
ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಪಾಳಿಯ ನರ್ಸು
ಪಿಸುಗುಟ್ಟಿದಳು: ಫಾಸ್ಟ್ ಅಸ್ಲೀಪ್.
ಈನಿಡ್ ಕೋಟು ತೆಗೆಯದೆ ಕೂತಳು.
ನಾವು ನಿದ್ದೆಗೆ ಆಳ ಕೊಟ್ಟು ಗಾಢವೆನ್ನುತ್ತೇವೆ.
ಇವರು ಮಲಗಿದವನನ್ನು ಕಟ್ಟಿಹಾಕುತ್ತಾರೆ,
ದಡದ ಗೂಟಕ್ಕೆ ದೋಣಿ ಕಟ್ಟಿದ ಹಾಗೆ.

ಬೆಳಗಿನ ಜಾವ ಬಿಚ್ಚಿಕೊಂಡು ಹೋದ.

ಶವ ತೊಳೆಯುವ ಹುಡುಗ, ಕೆಲಸಕ್ಕೆ ಹೊಸಬ,
ಉಗುರಿನ ಸಂದಿಯ ನೀಲಿ ತೆಗೆಯಲು
ಸೋಪು, ಸ್ಪಿರಿಟ್ಟು, ಹಲ್ಲುಜ್ಜುವ ಬ್ರಶ್ಶು ಎಲ್ಲ ಮುಗಿಸಿ
ಕ್ಷಮೆ ಕೇಳಲು ಹೊರಗೆ ಬಂದ.
"ಬಿಡು ಮಗು," ಅಂದಳಂತೆ, "ಅದು ಎಂಟು."

ಗಡಿಯಾರ ಸರಿಮಾಡಲೇ ಎಂದು ಕುರ್ಚಿ ಎಳೆದೆ.
ಅವಳು ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು,
ಅದು ಒಂದು ಮೂಲೆಯಲ್ಲಿ ಕೂರುತ್ತಿರಲಿಲ್ಲ.
"ನಿನಗೆ ಬಸ್ಸು ತಪ್ಪುತ್ತೆ, ಹೊರಡು."

ಐದು ನಿಮಿಷ ಮೊದಲೇ ನಿಲ್ದಾಣದಲ್ಲಿದ್ದೆ.
ಜೇಬಿನಲ್ಲಿ ಅವಳು ಕೊಟ್ಟ ಚೂರು,
ನಾಲ್ಕನೆಯ ನಂಬರಿನ ಕೆಂಪು:
ಮುಚ್ಚಿಟ್ಟ ಅರ್ಧ ಇನ್ನೂ ಕೆಂಪು,
ಬಿಸಿಲು ಕಂಡ ಅರ್ಧಕ್ಕೆ
ಯಾವ ಭಾಷೆಯಲ್ಲೂ ನನಗೆ ಹೆಸರು ಗೊತ್ತಿಲ್ಲ.