ನೀವು ನೋಡಿರದ ಕೊರಳು

ಡಾಕ್ಟರೇ,
ನಾನು ಫಿಲೊಮಿನಾ ಕೀಯೊ.
ನಿಮ್ಮ ಪಟ್ಟಿಯಲ್ಲಿ ಎಲ್ಲೋ ಇದ್ದೇನಂತೆ.
ನೀವು ಸೇಂಟ್ ಜಾನ್ಸ್‌ನಲ್ಲಿ,
ನಾನು ನ್ಯೂಫೌಂಡ್‌ಲ್ಯಾಂಡಿನ ಬಡಗಣ ಮೂಗಿನ ತುದಿಯಲ್ಲಿ.
ನಡುವೆ ಹನ್ನೊಂದು ಗಂಟೆ ದಾರಿ,
ಎರಡು ಪೆಟ್ರೋಲ್ ಬಂಕು,
ಕತ್ತಲಾದರೆ ರಸ್ತೆಗೆ ಅಡ್ಡ ನಿಂತು
ದೀಪವನ್ನೇ ದಿಟ್ಟಿಸುವ ಮೂಸ್‌ಗಳು.

ಇಲ್ಲಿಯ ಕ್ಲಿನಿಕ್ಕಿಗೆ
ಎರಡು ವರ್ಷಕ್ಕೆ ಐದು ಜನ ವೈದ್ಯರು.
ಬಂದವರಿಗೆಲ್ಲ ಮೊದಲಿಂದ ಹೇಳಬೇಕು:
ಬಾಚಣಿಗೆಗೆ ಬರುವ ಕೂದಲು,
ಜುಲೈನಲ್ಲೂ ಬಿಚ್ಚದ ಉಣ್ಣೆಯ ಕಾಲುಚೀಲ,
ಮೆಟ್ಟಿಲ ನಡುವೆ ಕೂತು, ಏಕೆ ಹತ್ತುತ್ತಿದ್ದೆನೆಂದು
ಮರೆತುಹೋದದ್ದು.
ಮೊದಲನೆಯವರು ವಯಸ್ಸು ಅಂದರು.
ಎರಡನೆಯವರು ಮನಸ್ಸು.
ಮೂರನೆಯವಳು ಲಾಗೋಸಿನಿಂದ ಬಂದ ಹುಡುಗಿ,
ಚಳಿಗೆ ನನಗಿಂತ ಹೆಚ್ಚು ನಡುಗುತ್ತಿದ್ದಳು.
ನನ್ನ ಕೊರಳನ್ನು ಮುಟ್ಟಿ ನೋಡಿದವಳು
ಅವಳೊಬ್ಬಳೇ.
ಲೋಟ ಕೊಟ್ಟು, ‘ನುಂಗಿ’ ಅಂದಳು.
ನುಂಗಿದೆ.
ಅವಳ ಬೆರಳಡಿ ಏನೋ ಎದ್ದು, ಇಳಿಯಿತು.
‘ಇನ್ನೊಮ್ಮೆ.’
ಆಮೇಲೆ ಮಾತಿಲ್ಲ, ನಿಮಗೆ ಚೀಟಿ ಬರೆದಳು.
ಮಂಜುಗಡ್ಡೆ ಕೊಲ್ಲಿ ಬಿಡುವ ಮೊದಲೇ
ಅವಳು ಊರು ಬಿಟ್ಟಳು.

ಚೀಟಿ ಫ್ಯಾಕ್ಸಿನಲ್ಲಿ ಹೋಯಿತು, ತಲುಪಲಿಲ್ಲ.
ಮತ್ತೆ ಹೋಯಿತು, ತಲುಪಿತು,
ತುರ್ತಲ್ಲ ಅಂದಿರಿ.
ನೀವೇ ಅಂದಿರೋ, ನಿಮ್ಮ ಮೇಜಿನ ಮುಂದಿನ ಮೇಜು ಅಂದಿತೋ,
ಕಾಗದದಲ್ಲಿ ಸಹಿ ಇರಲಿಲ್ಲ.

ಕ್ಲಿನಿಕ್ಕಿನ ಗೋಡೆಯ ಚಿತ್ರದಲ್ಲಿ
ಥೈರಾಯ್ಡು ಒಂದು ಚಿಟ್ಟೆಯಂತೆ.
ಬರೆದವರು ಯಾರೋ ಬಿಸಿಲಿನ ನಾಡಿನವರಿರಬೇಕು.
ಇಪ್ಪತ್ತಮೂರು ವರ್ಷ ಏಡಿ ಕಾರ್ಖಾನೆಯಲ್ಲಿ
ಬೆಲ್ಟಿನ ಮುಂದೆ ನಿಂತವಳು ನಾನು,
ನನಗದು ಕಾಲು ಮುರಿದಿಟ್ಟ ಏಡಿ.
ಎರಡು ಭುಜ, ನಡುವೆ ಸಣ್ಣ ಸೇತುವೆ,
ಒಂದು ಕಡೆ ಗಂಟು.
ಆ ಹುಡುಗಿ ಹೇಳದೆ ಬಿಟ್ಟ ಪದದಲ್ಲೂ
ಏಡಿ ಇದೆ, ಗೊತ್ತು.
ನಾನೂ ಹೇಳುವುದಿಲ್ಲ.

ಬುಧವಾರ ಚರ್ಚಿನ ಹಾಲಿನಲ್ಲಿ ಬಿಂಗೊ ಕೂಗುತ್ತಿದ್ದೆ.
ಹಿಂದಿನ ಬೆಂಚಿನ ಕಿವುಡ ಲಿಯಾಂಡರನಿಗೂ
ಕೇಳುವ ಗಂಟಲು, ಮೈಕು ಬರೀ ಅಲಂಕಾರಕ್ಕೆ.
ಈಗ ದನಿ ಜಲ್ಲಿಯ ಮೇಲೆ ದೋಣಿ ಎಳೆದಂತೆ.
ಮೈಕು ಆಲ್ಮಾ ಪಿಲ್‌ಗ್ರಿಮ್‌ಳ ಕೈಗೆ ಹೋಯಿತು.
ಅವಳು ಹದಿನಾರನ್ನು ಅರವತ್ತು ಅಂತ ಓದುತ್ತಾಳೆ,
ಪ್ರತಿ ವಾರ ಜಗಳ.
ಆ ಜಗಳ ಕೇಳಲೆಂದೇ ಹೋಗಿ ಕೂರುತ್ತೇನೆ,
ಸುಳ್ಳೇಕೆ, ಒಳಗೊಳಗೇ ಖುಷಿ.

ರಾತ್ರಿ ಮಾತ್ರ
ಅಂಗಾತ ಮಲಗಿದರೆ
ಯಾರೋ ಹೆಬ್ಬೆರಳಿಟ್ಟು ಕೂತ ಹಾಗೆ.
ಆಂಬ್ರೋಸ್ ಎದ್ದು ಕೇಳುತ್ತಾನೆ, ‘ಏನೇ?’
‘ಗಾಳಿ’ ಅನ್ನುತ್ತೇನೆ.
ಕಿಟಕಿ ಮುಚ್ಚಿ ಬರುತ್ತಾನೆ, ಪಾಪ.

ಹದಿನಾಲ್ಕು ತಿಂಗಳ ಮೇಲೆ ನಿಮ್ಮವರು ಫೋನ್ ಮಾಡಿದರು.
ಫೋನ್ ಲಾಕರಿನಲ್ಲಿತ್ತು, ಕೈ ಗ್ಲೌಸಿನೊಳಗೆ.
ಉಳಿದದ್ದು ಒಂದು ರೆಕಾರ್ಡು:
ಮೇ ಹತ್ತೊಂಬತ್ತು, ಬೆಳಿಗ್ಗೆ ಒಂಬತ್ತೂಕಾಲು,
ತಪ್ಪಿದರೆ ಹೆಸರು ಪಟ್ಟಿಯ ಬುಡಕ್ಕೆ.

ಮೇ!
ಏಡಿ ಬರುವುದೇ ಹತ್ತು ವಾರ ಡಾಕ್ಟರೇ.
ಆ ವಾರಗಳಲ್ಲಿ ಗಂಟೆ ಕೂಡದಿದ್ದರೆ
ಚಳಿಗಾಲಕ್ಕೆ ಸರಕಾರದ ಭತ್ಯೆ ಇಲ್ಲ.
ಹೋಗಲು ಒಂದು ದಿನ, ಬರಲು ಒಂದು,
ನಿಮಗೆ ಹದಿನೈದು ನಿಮಿಷ.
ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ
ಪೆನ್ಸಿಲಿನಲ್ಲಿ ಕೂಡಿದೆ, ಕಳೆದೆ,
ಕೊರಳಿನ ಬೆಲೆ ಎಲ್ಲಿ ಬರೆಯುವುದೋ ತಿಳಿಯಲಿಲ್ಲ.
ಆಂಬ್ರೋಸ್ ಬಂದು ಕಾಗದ ನೋಡಿದ.
ಏನೂ ಅನ್ನದೆ ಹೊರಗೆ ಹೋಗಿ
ಟ್ರಕ್ಕಿನ ಚಕ್ರಕ್ಕೆ ಗಾಳಿ ತುಂಬಿದ.

ಹೊರಟಿದ್ದೇವೆ.
ಹಿಂದೆ ಐಸಿನ ಪೆಟ್ಟಿಗೆಯಲ್ಲಿ ನಾಲ್ಕು ಏಡಿ,
ಲಂಚವಲ್ಲ, ಬರಿಗೈಲಿ ಹೋಗುವ ರೂಢಿ ಇಲ್ಲ ನಮಗೆ.
ಒಂಬತ್ತೂಕಾಲಕ್ಕೆ ಕಾಣದಿದ್ದರೆ
ಮೂಸ್ ಅಡ್ಡ ಬಂತೆಂದು ತಿಳಿಯಿರಿ,
ಸ್ವಲ್ಪ ಕಾಯಿರಿ.
ನಾನು ಕಾದಿಲ್ಲವೇ.

ಮೇಜಿನ ಮೇಲೆ ಒಂದು ಲೋಟ ನೀರಿಟ್ಟಿರಿ.
ನುಂಗುವುದು ನನಗೆ ಗೊತ್ತು.