ಬಾಯಿ ಮೇಲೆ ಬೆರಳು

ಈ ಊರಲ್ಲಿ ಟೀಚರನ್ನು ಬಾಯಿ ಅನ್ನುತ್ತಾರೆ.
ಮರಾಠಿಯ ಆ ಮರ್ಯಾದೆ
ಮಾನಖುರ್ದಿನ ಮೂರನೇ ಮಹಡಿಯ ಕನ್ನಡ ಶಾಲೆಗೆ
ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ
ಬರೀ ಬಾಯಿಯೇ ಆಗಿಬಿಡುತ್ತದೆ:
ಏಳರಿಂದ ಹನ್ನೆರಡೂವರೆವರೆಗೆ
ತೆರೆದೇ ಇರುವ ಒಂದು ಬಾಯಿ.

ಕೂತ್ಕೋ. ಅವಳ ಜಡೆ ಬಿಡು.
ಪೆನ್ಸಿಲ್ ಕಿವಿಗೆ ಹಾಕಬೇಡ, ನಿಂದಕ್ಕೂ ಬೇಡ, ಅವನದಕ್ಕೂ ಬೇಡ.
ಎಲ್ಲರೂ ಬಾಯಿ ಮೇಲೆ ಬೆರಳು!
ಒಮ್ಮೆ ಮರೆಪ್ಪ ಎದ್ದು ಬಂದು
ನನ್ನ ತುಟಿ ಮೇಲೆ ಬೆರಳಿಟ್ಟ.
"ನೀವೇ ಹೇಳಿದ್ರೆಲ್ಲರೀ, ಬಾಯಿ ಮ್ಯಾಲ ಬೆರಳ ಅಂತ."

ಮೂವತ್ತೆಂಟರಲ್ಲಿ ಮೂವತ್ತೇಳನ್ನು ಹೇಗೋ ಸಂಭಾಳಿಸಬಹುದು.
ದೇವಿಂದ್ರ ಕಾಲು ಬಡಿಯುತ್ತಾನೆ.
ಲೆಕ್ಕ ಬಂದರೂ ಧಪ್, ಬಾರದಿದ್ದರೂ ಧಪ್,
ರಬ್ಬರ್ ಬೇಕಾದರೆ ಧಪ್ ಧಪ್.
ಕೆಳಗಿನ ಮಹಡಿ ತೆಲುಗು ಮಾಧ್ಯಮ.
ಅಲ್ಲಿನ ಯಾದಗಿರಿ ಸಾರ್
ಸೂರಿನಿಂದ ಉದುರಿದ ಸುಣ್ಣದ ಹಕ್ಕಳೆಗಳನ್ನು
ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು
ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು, ಪ್ರಸಾದದ ಹಾಗೆ.
ಬೆತ್ತ ಎತ್ತುವಂತಿಲ್ಲ. ಹೊರಗೆ ನಿಲ್ಲಿಸಿದೆ.
ಜೂನ್, ಜುಲೈ, ಗಣಪತಿ ರಜೆ ಕಳೆದು ಮತ್ತೆ ಹೊರಗೆ.
ಬಾಗಿಲಾಚೆಯಿಂದಲೂ ಧಪ್.

ದೀಪಾವಳಿ ಮುಗಿದ ವಾರ ದನಿ ಹೋಯಿತು.
ಸಾಯನ್ ಆಸ್ಪತ್ರೆಯ ಎಳೆ ಮುಖದ ಡಾಕ್ಟರು
ಗಂಟಲಿಗೆ ಕನ್ನಡಿ ತೂರಿಸಿ,
ಜೋಳದ ಕಾಳಿನಷ್ಟು ಗಂಟು, ಎರಡಿವೆ, ಅಂದರು.
ಹದಿನೈದು ದಿನ ಮಾತು ಕೂಡದು, ಪಿಸುಮಾತೂ ಕೂಡದು.
ಏನು ಕೆಲಸ ಮಾಡ್ತೀರಿ?
ಚೀಟಿಯ ಹಿಂದೆ ಬರೆದು ತೋರಿಸಿದೆ. ನಕ್ಕರು.
ರಜೆಯ ಮಾತೆಲ್ಲಿ,
ಇಡೀ ಮಹಡಿಗೆ ಇರುವುದು ಇಬ್ಬರೇ ನಾವು.

ಮೊದಲ ದಿನದ ಬಗ್ಗೆ ಬರೆಯಲಾರೆ.
ಗೋಡೆಯ ನಕ್ಷೆಯಲ್ಲಿ ಭೀಮಾ ನದಿ
ಹರಿದೇಹೋಯಿತು, ಕಾಗದ ಸಮೇತ.

ಎರಡನೇ ದಿನ ಹತ್ತು ಗಂಟೆ.
ಬೋರ್ಡಿಗೆ ಹಣೆಯಿಟ್ಟು ನಿಂತಿದ್ದೆ.
ಚಪ್ಪಲಿಯಡಿಯಿಂದ ಏನೋ ಬಂದು
ಮೊಣಕಾಲಿಗೆ ತಾಕಿತು. ಎರಡು ಸಲ.
ತಿರುಗಿದೆ.
ದೇವಿಂದ್ರ ಬಾಗಿಲಲ್ಲಿ, ಮುಖ ಪೂರಾ ನನ್ನ ಕಡೆ,
ಅಂಗೈ ಮೇಲೆ ಮಾಡಿ, ಹುಬ್ಬು ಎತ್ತಿ:
ಏನು ಬೇಕು?

ಮರೆಪ್ಪ ಹೇಳಿದ,
"ಇವನ ತಂಗಿಗಿ ಕಿವಿ ಕೇಳಂಗಿಲ್ರೀ.
ಅಟ್ಟದ ಹಲಗಿ ಮ್ಯಾಲ ಕಾಲ ಬಡದ್ರ
ಸಾಬವ್ವ ತಿರಗಿ ನೋಡ್ತಾಳ್ರೀ.
ಅವರ ಮನ್ಯಾಗ ಎಲ್ಲಾರೂ ಹಂಗೇ ಕರೀತಾರ್ರೀ.
ನಿಮಗ ಗೊತ್ತಿಲ್ಲೇನ್ರೀ ಬಾಯಿ?"
ಮೂವತ್ತೇಳೂ ಮಕ್ಕಳಿಗೆ ಗೊತ್ತಿತ್ತು.

ಆಮೇಲೆ ಅವನು ನನ್ನ ಮೇಜಿನ ಪಕ್ಕ.
ಒಂದು ಧಪ್: ಇತ್ತ ನೋಡಿ.
ಅಂಗೈ ಕೆಳಗೆ: ಕೂಡ್ರಿ.
ಎರಡು ಬೆರಳು ನಡೆದರೆ ಸಾಲು, ನೀರು, ಮನೆ.
ದೇವತೆಗಳೇನೂ ಆಗಲಿಲ್ಲ ಯಾರೂ.
ಹುಡುಗಿಯರು ಸದ್ದಿಲ್ಲದೆ ಚಾಡಿ ಹೇಳುವುದು ಕಲಿತರು.
ಶುಕ್ರವಾರದ ಪರೀಕ್ಷೆಯಲ್ಲಿ ಏಳೆಂಟ್ಲಿ ಎಷ್ಟೆಂಬುದು
ಬೆರಳಿಂದ ಬೆರಳಿಗೆ ಹಿಂದಿನ ಬೆಂಚಿನವರೆಗೆ ಹೋಗಿತ್ತು:
ಎಲ್ಲರದೂ ಐವತ್ತನಾಲ್ಕು.
ಯಾದಗಿರಿ ಸಾರರಿಗೆ ಸುಣ್ಣ ಎಂದಿನಂತೆ.

ಹದಿನಾರನೇ ದಿನ ದನಿ ಬಂತು, ಒಡಕು ಕೊಡದ ಹಾಗೆ.
ಮೊದಲ ಮಾತು ಒಳ್ಳೆಯದಿರಲಿ ಅಂದುಕೊಂಡಿದ್ದೆ,
ಬಸ್ಸಿನಲ್ಲಿ ಎರಡು ಮೂರು ಆರಿಸಿಯೂ ಇಟ್ಟಿದ್ದೆ.
ಒಳಗೆ ಕಾಲಿಟ್ಟವಳು
"ಏಯ್!" ಅಂದೆ.

ಯಾರಿಗೆ ಅಂದದ್ದೋ.
ದೇವಿಂದ್ರ ಮೇಜಿನ ಪಕ್ಕದಿಂದ ಸರಿದು
ತಾನಾಗಿಯೇ ಹೊರಗೆ ಹೋಗಿ
ಗೋಡೆಗೆ ಮುಖ ಮಾಡಿ ನಿಂತ.

ಚಪ್ಪಲಿ ಬಿಟ್ಟೆ.
ಸೀರೆಯ ನೆರಿಗೆ ಎತ್ತಿ ಹಿಡಿದು
ನೆಲಕ್ಕೆ ಬಡಿದೆ, ಎರಡು ಸಲ.
ಮಕ್ಕಳು ನಕ್ಕರು. ಅವನು ತಿರುಗಲಿಲ್ಲ.
ಇನ್ನೊಮ್ಮೆ ಬಡಿದೆ.
ಹಿಮ್ಮಡಿಯಿಂದ ಬಡಿಯಬೇಕೇನೋ,
ಇನ್ನೂ ಸರಿಯಾಗಿ ಬರುವುದಿಲ್ಲ ನನಗೆ.
ಕೆಳಗಿನಿಂದ ಯಾದಗಿರಿ ಸಾರ್
ಮೆಟ್ಟಿಲು ಹತ್ತಿ ಬರುವುದು ಕೇಳಿಸುತ್ತಿತ್ತು.